ಎಂಎಸ್‌ಡಬ್ಲ್ಯೂ: ಸಂಶೋಧನೆ ಕಪಾಟಿನಿಂದ ಕ್ಷೇತ್ರಕ್ಕೆ ಬರಲಿ

ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಬಾಲಕನನ್ನು ಬಾಲನ್ಯಾಯ ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದ 15 ದಿನಗಳೊಳಗೆ ಅವನ ಬಗ್ಗೆ ಒಂದು ವರದಿ ಸಿದ್ಧವಾಗಬೇಕು. 2015ರ ಬಾಲನ್ಯಾಯ ಕಾಯ್ದೆ ಅದನ್ನು ಸಾಮಾಜಿಕ ತನಿಖಾ ವರದಿ ಎನ್ನುತ್ತದೆ. ಮರುವರ್ಷ ಬಂದ ಮಾದರಿ ನಿಯಮಗಳಲ್ಲಿ ಅದು ‘ನಮೂನೆ 6’. ಮನೆಯವರ ವಿವರ, ಓದು ಎಲ್ಲಿಗೆ ನಿಂತಿತು, ಒಡನಾಡಿಗಳು ಯಾರು, ಅವರ ಪ್ರಭಾವ ಎಂಥದ್ದು, ನೆರೆಹೊರೆಯವರು ಏನೆನ್ನುತ್ತಾರೆ, ಈ ಸ್ಥಿತಿಗೆ ಕಾರಣಗಳೇನಿರಬಹುದು, ಮುಂದೇನು ಮಾಡಬೇಕು ಎಂದು ಸಾಲು ಸಾಲು ಅಂಕಣಗಳು. ತುಂಬಬೇಕಾದವರು ಪರಿವೀಕ್ಷಣಾಧಿಕಾರಿ, ಅವರಿಲ್ಲದ ಕಡೆ ಮಕ್ಕಳ ಕಲ್ಯಾಣಾಧಿಕಾರಿ ಇಲ್ಲವೇ ಸಮಾಜ ಕಾರ್ಯಕರ್ತರು. ಇದೇ ನಮೂನೆಯನ್ನು ಎರಡು ರೀತಿಯಲ್ಲಿ ತುಂಬಬಹುದು. ಒಬ್ಬರು ಮನೆಗೆ ಹೋಗುತ್ತಾರೆ, ತಾಯಿ ಹೇಳಿದ್ದನ್ನು ಶಾಲೆಯ ಹಾಜರಿ ಪುಸ್ತಕದ ಜೊತೆ ಇಟ್ಟು ನೋಡುತ್ತಾರೆ, ಹುಡುಗ ಶಾಲೆ ಬಿಟ್ಟ ತಿಂಗಳಿಗೂ ತಂದೆ ಹಾಸಿಗೆ ಹಿಡಿದ ತಿಂಗಳಿಗೂ ಸಂಬಂಧವಿದೆಯೇ ಎಂದು ವಿಚಾರಿಸುತ್ತಾರೆ, ದೂರು ಕೊಟ್ಟ ನೆರೆಯವರಿಗೂ ಈ ಮನೆಗೂ ಮೊದಲಿನಿಂದ ಜಗಳವಿತ್ತೇ ಎಂದು ಕೇಳುತ್ತಾರೆ. ಇನ್ನೊಬ್ಬರು ‘ಕೆಟ್ಟ ಸಹವಾಸ, ಪೋಷಕರ ನಿರ್ಲಕ್ಷ್ಯ’ ಎಂದು ಬರೆದು ಸಹಿ ಹಾಕುತ್ತಾರೆ. ಆ ನಾಲ್ಕು ಪದಗಳು ರಾಜ್ಯದ ಯಾವ ಜಿಲ್ಲೆಯ ಯಾವ ಬಾಲಕನ ಹೆಸರಿನ ಕೆಳಗೆ ಬರೆದರೂ ಹೊಂದಿಕೊಳ್ಳುತ್ತವೆ. ಮಂಡಳಿ ಆ ಹುಡುಗನನ್ನು ಮನೆಗೆ ಕಳಿಸಬೇಕೇ, ವಿಶೇಷ ಗೃಹಕ್ಕೆ ಕಳಿಸಬೇಕೇ ಎಂದು ತೀರ್ಮಾನಿಸುವಾಗ ಅದರ ಕೈಯಲ್ಲಿರುವುದು ಈ ಎರಡರಲ್ಲಿ ಒಂದು ವರದಿ.

ಮೊದಲನೆಯವರು ಮಾಡಿದ್ದು ಸಂಶೋಧನೆ. ಪ್ರಶ್ನೆ ಇತ್ತು, ಆಧಾರ ಹುಡುಕಿದರು, ಒಂದು ಆಧಾರವನ್ನು ಇನ್ನೊಂದರಿಂದ ಪರೀಕ್ಷಿಸಿದರು, ತಮಗೆ ಮೊದಲು ತೋಚಿದ ಕಾರಣವನ್ನೇ ಅನುಮಾನಿಸಿದರು. ಆದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಬರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಸಂಶೋಧನೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಎಂಎಸ್‌ಡಬ್ಲ್ಯೂ ಕೋರ್ಸಿನಲ್ಲಿ ಸಂಶೋಧನೆಗೊಂದು ಕೋಣೆ, ಕ್ಷೇತ್ರಕಾರ್ಯಕ್ಕೊಂದು ಕೋಣೆ. ವಾರಕ್ಕೆ ಎರಡು ದಿನ ವಿದ್ಯಾರ್ಥಿಗಳು ಆಸ್ಪತ್ರೆಗೋ ಬಾಲಮಂದಿರಕ್ಕೋ ಕೊಳೆಗೇರಿಗೋ ಹೋಗಿ ಬಂದು ದಿನಚರಿ ಬರೆಯುತ್ತಾರೆ. ಉಳಿದ ದಿನಗಳಲ್ಲಿ ತರಗತಿಯಲ್ಲಿ ಕೂತು ಊಹಾಕಲ್ಪನೆ ಎಂದರೇನು, ಮಾದರಿ ಆಯ್ಕೆಯಲ್ಲಿ ಎಷ್ಟು ವಿಧ ಎಂದು ಟಿಪ್ಪಣಿ ಬರೆದುಕೊಳ್ಳುತ್ತಾರೆ. ಕೊನೆಯ ಸೆಮಿಸ್ಟರಿನಲ್ಲಿ ಡಿಸರ್ಟೇಶನ್. ಅದಕ್ಕೊಂದು ವಿಷಯ ‘ಸಿಗಬೇಕು’. ಎರಡು ವರ್ಷ ತಾವೇ ಓಡಾಡಿದ ಬಡಾವಣೆಯಿಂದ ಆ ವಿಷಯ ಬರುವುದು ಅಪರೂಪ. ‘ಸ್ವಸಹಾಯ ಸಂಘದ ಮಹಿಳೆಯರ ಸಾಮಾಜಿಕ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆ, ಐವತ್ತೋ ಅರವತ್ತೋ ಜನ ಉತ್ತರದಾತರು, ಪ್ರಶ್ನೆಗೊಂದು ಕೋಷ್ಟಕ, ಕೋಷ್ಟಕದಲ್ಲಿರುವುದನ್ನೇ ವಾಕ್ಯವಾಗಿಸಿದ ವಿವರಣೆ, ಕೊನೆಗೆ ‘ಸರ್ಕಾರ ಹೆಚ್ಚಿನ ಗಮನ ಹರಿಸಬೇಕು’ ಎಂಬ ಸಲಹೆ. ರೆಕ್ಸಿನ್ ಹೊದಿಕೆ, ಬಂಗಾರದ ಅಕ್ಷರ, ವೈವಾ, ಕಪಾಟು. ಇದನ್ನು ವಿದ್ಯಾರ್ಥಿಗಳ ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ನಾವು ಕೇಳಿದ್ದನ್ನು ಅವರು ಕೊಟ್ಟಿದ್ದಾರೆ.

ಸಂಶೋಧನೆಯನ್ನು ಪದವಿಗೆ ಕೊನೆಯಲ್ಲಿ ತೊಡಿಸುವ ಅಲಂಕಾರವಾಗಿ ಕಲಿಸುವುದನ್ನು ನಿಲ್ಲಿಸಿ, ಕ್ಷೇತ್ರಕಾರ್ಯದ ಮೊದಲ ದಿನದಿಂದಲೇ ಅದರೊಳಗೆ ಬೆರೆಸಿ ಕಲಿಸಬೇಕು ಎಂಬುದು ನನ್ನ ವಾದ. ಇದು ಪಠ್ಯಕ್ರಮದ ಸಣ್ಣ ಹೊಂದಾಣಿಕೆಯ ಮಾತಲ್ಲ. ಬೇರೆಯವರ ಬದುಕಿನೊಳಕ್ಕೆ ಸಹಾಯದ ಹೆಸರಿನಲ್ಲಿ ಕಾಲಿಡುವ ಅಧಿಕಾರವನ್ನು ಯಾರಿಗೆ ಕೊಡುತ್ತೇವೋ ಅವರಿಗೆ ತಮ್ಮ ಕೆಲಸದಿಂದ ಒಳಿತಾಯಿತೋ ಕೆಡುಕಾಯಿತೋ ಎಂದು ತಿಳಿಯುವ ವಿದ್ಯೆಯನ್ನೂ ಕೊಡಲೇಬೇಕು. ಆ ವೃತ್ತಿಯ ನೀತಿ ಅದು. ಒಳ್ಳೆಯ ಮನಸ್ಸಿದ್ದರೆ ಒಳ್ಳೆಯ ಫಲ ಬಂದೇ ಬರುತ್ತದೆ ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಬಹಳ ಗಟ್ಟಿ. ಆ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಪ್ರಯೋಗವನ್ನು ಸಮಾಜಕಾರ್ಯದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ತಿಂಗಳಲ್ಲೇ ಓದಬೇಕು.

ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬ ವೈದ್ಯರು 1905ರಲ್ಲೇ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಮಾಜಕಾರ್ಯ ವಿಭಾಗ ತೆರೆದವರು. ಹುಡುಗರು ಅಪರಾಧದ ಹಾದಿ ಹಿಡಿಯದಂತೆ ತಡೆಯಲು ಸಾಧ್ಯವೇ ಎಂದು ನೋಡಲು ಅವರು ಮಸಾಚುಸೆಟ್ಸಿನ ಕೇಂಬ್ರಿಜ್ ಮತ್ತು ಸಾಮರ್ವಿಲ್ ಎಂಬ ಊರುಗಳಲ್ಲಿ ಒಂದು ಯೋಜನೆ ರೂಪಿಸಿದರು. 1939ರಲ್ಲಿ ಶುರುವಾದ ಅದು 1945ರವರೆಗೆ ನಡೆಯಿತು. ವಯಸ್ಸು, ಮನೆಯ ಸ್ಥಿತಿ, ಸ್ವಭಾವ ಹೋಲುವ ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಬ್ಬನನ್ನು ಯೋಜನೆಯೊಳಕ್ಕೆ ತೆಗೆದುಕೊಂಡರು, ಮತ್ತೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಒಳಗೆ ಬಂದವರಿಗೆ ಆಪ್ತ ಸಲಹೆಗಾರರು ಸಿಕ್ಕರು. ಅವರು ತಿಂಗಳಿಗೆ ಸರಾಸರಿ ಎರಡು ಸಲ ಮನೆಗೇ ಬರುತ್ತಿದ್ದರು, ಪಾಠ ಹೇಳಿಸುತ್ತಿದ್ದರು, ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದರು, ಬೇಸಿಗೆ ಶಿಬಿರಗಳಿಗೆ ಕಳಿಸುತ್ತಿದ್ದರು. ಯಾವ ಸಂಸ್ಥೆಯೂ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕೆಲಸ. ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ, ಆ 506 ಹುಡುಗರು ಈಗ ನಡುವಯಸ್ಸಿನ ಗಂಡಸರಾಗಿ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಹುಡುಕಲು ಹೊರಟರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ, ಆ ಯೋಜನೆಯಿಂದ ತಮಗೆ ಒಳ್ಳೆಯದಾಯಿತು ಎಂದರು. ಸಲಹೆಗಾರರನ್ನು ಪ್ರೀತಿಯಿಂದ ನೆನೆದರು. ಆದರೆ ನ್ಯಾಯಾಲಯದ, ಆಸ್ಪತ್ರೆಯ, ಮರಣದ ದಾಖಲೆಗಳನ್ನು ಜೋಡಿಯ ಇನ್ನೊಬ್ಬನ ದಾಖಲೆಯ ಪಕ್ಕ ಇಟ್ಟು ನೋಡಿದಾಗ ಚಿತ್ರವೇ ಬೇರೆ. ಎರಡನೇ ಬಾರಿ ಅಪರಾಧ ಎಸಗಿದವರು, ಕುಡಿತದ ಲಕ್ಷಣ ಕಂಡವರು, ಬೇಗ ತೀರಿಕೊಂಡವರು ನೆರವು ಪಡೆದ ಗುಂಪಿನಲ್ಲೇ ಹೆಚ್ಚು. 1978ರಲ್ಲಿ ಮೆಕಾರ್ಡ್ ಇದನ್ನು ಪ್ರಕಟಿಸಿದರು. ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರಲ್ಲಿ ಹಾನಿ ಎದ್ದು ಕಾಣುತ್ತದೆ ಎಂದು ನಂತರದ ವಿಶ್ಲೇಷಣೆ ತೋರಿಸಿತು: ಪುಂಡಾಟದ ಕಡೆ ವಾಲಿದ ಹುಡುಗರನ್ನು ಒಂದೆಡೆ ಸೇರಿಸಿದ್ದೇ ಅವರು ಪರಸ್ಪರ ಕಲಿಯಲು ಅವಕಾಶವಾಗಿತ್ತು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಮೂರರಲ್ಲಿ ಎರಡು ಪಾಲು ಜನರ ಕೃತಜ್ಞತೆ. ನಮ್ಮ ಸಂಸ್ಥೆಗಳ ವಾರ್ಷಿಕ ವರದಿಗಳು ನಿಂತಿರುವುದು ಇಂಥ ಕೃತಜ್ಞತೆಯ ಮೇಲೆಯೇ. ಫಲಾನುಭವಿಯ ಫೋಟೋ, ಅವರ ಎರಡು ಸಾಲು ಮೆಚ್ಚುಗೆ, ‘500 ಮಹಿಳೆಯರಿಗೆ ತರಬೇತಿ ನೀಡಲಾಯಿತು’ ಎಂಬ ಅಂಕಿ. ತರಬೇತಿ ನೀಡಿದ್ದು ನಾವು ಮಾಡಿದ ಕೆಲಸ. ತರಬೇತಿ ಪಡೆದ ಹೆಣ್ಣುಮಗಳ ಕೈಗೆ ವರ್ಷದ ಬಳಿಕ ನಾಲ್ಕು ಕಾಸು ಹೆಚ್ಚು ಬಂತೇ, ಬಂದದ್ದು ಅವಳ ಕೈಯಲ್ಲೇ ಉಳಿಯಿತೇ ಎಂಬುದು ಫಲ. ಕಂಪನಿ ಕಾಯ್ದೆಯಡಿ ಸಾಮಾಜಿಕ ಹೊಣೆಗಾರಿಕೆಯ ಹಣ ಹರಿಯತೊಡಗಿದ ಮೇಲೆ, ಅದರಲ್ಲೂ ದೊಡ್ಡ ಕಂಪನಿಗಳು ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗಳ ಪರಿಣಾಮವನ್ನು ಸ್ವತಂತ್ರವಾಗಿ ಅಳೆಸಬೇಕೆಂಬ ನಿಯಮ 2021ರಲ್ಲಿ ಬಂದ ಮೇಲೆ, ಇಂಥ ವರದಿ ಬರೆಯುವ ಕೆಲಸವೇ ಎಂಎಸ್‌ಡಬ್ಲ್ಯೂ ಪದವೀಧರರಿಗೆ ಒಂದು ಉದ್ಯೋಗವಾಗಿದೆ. ಅವರ ಒಂದು ಪುಟದ ಮೇಲೆ ಒಂದು ಹಳ್ಳಿಗೆ ಮುಂದಿನ ವರ್ಷ ಹಣ ಬರುವುದೋ ನಿಲ್ಲುವುದೋ ನಿರ್ಧಾರವಾಗುತ್ತದೆ. ಕೆಲಸಕ್ಕೂ ಫಲಕ್ಕೂ ಇರುವ ವ್ಯತ್ಯಾಸ ಗುರುತಿಸಲು, ‘ಈ ಯೋಜನೆ ಇಲ್ಲದಿದ್ದರೂ ಇದು ಆಗುತ್ತಿತ್ತೇ?’ ಎಂದು ಕೇಳಲು ಕಲಿಸದೆ ಅವರನ್ನು ಅಲ್ಲಿಗೆ ಕಳಿಸುವುದು ಸರಿಯಲ್ಲ.

ಕಲಿಸುವುದೆಂದರೆ ಏನು ಎಂದು ಹತ್ತಿರದಿಂದ ನೋಡೋಣ. ಯಾವ ಡಿಸರ್ಟೇಶನ್ ತೆರೆದರೂ ಪ್ರಶ್ನಾವಳಿಯ ಮೊದಲ ಪುಟದಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ನಿಮ್ಮ ಕುಟುಂಬದ ಮಾಸಿಕ ಆದಾಯ ಎಷ್ಟು?’ ಅದರ ಕೆಳಗೆ ನಾಲ್ಕು ಚೌಕ. ಇದನ್ನು ಸಿಂಧನೂರು ಕಡೆಯ ಒಬ್ಬ ಕೃಷಿ ಕೂಲಿ ಹೆಣ್ಣುಮಗಳಿಗೆ ಕೇಳಿದರೆ ಅವಳು ಏನು ಹೇಳಬೇಕು? ಅವಳಿಗೆ ತಿಂಗಳ ಆದಾಯ ಎಂಬುದೇ ಇಲ್ಲ. ನಾಟಿಯ ವಾರಗಳಲ್ಲಿ ದಿನವೂ ಕೂಲಿ, ಕಾಲುವೆಗೆ ನೀರು ಬಿಡದ ವಾರಗಳಲ್ಲಿ ಏನೂ ಇಲ್ಲ. ಗಂಡ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿ ಯಾವಾಗಲೋ ಕಳಿಸುವ ದುಡ್ಡು, ಪಡಿತರದ ಅಕ್ಕಿ, ಹಬ್ಬಕ್ಕೆ ಮಾರಿದ ಕುರಿ, ಸಂಘದ ಸಾಲದ ಕಂತು, ಆ ಕಂತು ಕಟ್ಟಲು ತಂದ ಇನ್ನೊಂದು ಸಾಲ. ಎದುರು ಕೂತ ವಿದ್ಯಾರ್ಥಿನಿಗೆ ನೋವಾಗಬಾರದೆಂದು ಅವಳು ಒಂದು ಅಂಕಿ ಹೇಳುತ್ತಾಳೆ. ಯೋಜನೆಯೇನಾದರೂ ಬರುತ್ತದೇನೋ ಎಂಬ ಆಸೆಯಿದ್ದರೆ ಕಡಿಮೆ ಹೇಳುತ್ತಾಳೆ, ನೆಂಟರು ಪಕ್ಕದಲ್ಲಿದ್ದರೆ ಹೆಚ್ಚು ಹೇಳುತ್ತಾಳೆ. ಅರವತ್ತು ಜನರ ಇಂಥ ಅಂಕಿಗಳನ್ನು ಕೂಡಿಸಿ ಶೇಕಡಾವಾರು ತೆಗೆದು, ಕೈ-ಸ್ಕ್ವೇರ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದರೆ ಹೊರಬರುವುದು ದಶಮಾಂಶ ಚಿಹ್ನೆ ಹೊತ್ತ ಗಾಳಿಮಾತು. ಬದಲಿಗೆ, ಕಳೆದ ಏಳು ದಿನಗಳಲ್ಲಿ ಮನೆಯ ಯಾರು ಯಾರು ಎಷ್ಟು ದಿನ ಕೆಲಸಕ್ಕೆ ಹೋದಿರಿ, ಕೈಗೆ ಎಷ್ಟು ಬಂತು, ಬಾಕಿ ಎಷ್ಟು, ಮನೆಗೆ ಬಂದ ಕಾಳು ಎಲ್ಲಿಯದು, ಈ ವಾರ ಯಾರಿಗಾದರೂ ದುಡ್ಡು ವಾಪಸ್ ಕೊಡಬೇಕಿತ್ತೇ ಎಂದು ಕೇಳಿ, ಅದನ್ನೇ ಮೂರು ಬೇರೆ ಬೇರೆ ತಿಂಗಳುಗಳಲ್ಲಿ ಕೇಳಿದರೆ, ಹತ್ತೇ ಮನೆಗಳಾದರೂ ಸಾಕು, ಆ ಊರಿನ ಬಡತನ ಹೇಗೆ ನಡೆಯುತ್ತದೆ ಎಂಬುದು ಕಾಣತೊಡಗುತ್ತದೆ. ವಾರಕ್ಕೆರಡು ದಿನ ಅದೇ ಊರಿಗೆ ಹೋಗುವ ಕ್ಷೇತ್ರಕಾರ್ಯದ ವಿದ್ಯಾರ್ಥಿಗೆ ಮೂರು ತಿಂಗಳು ಕೇಳುವ ಅವಕಾಶ ತಾನಾಗಿಯೇ ಇದೆ. ಹೆಚ್ಚಿನ ಸಂಶೋಧಕರಿಗೆ ಸಿಗದ ಈ ಭಾಗ್ಯವನ್ನು ನಾವು ದಿನಚರಿ ಪುಸ್ತಕದಲ್ಲಿ ಹೂತುಬಿಡುತ್ತೇವೆ.

ಎಣಿಕೆಯಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ತಂದಿತು. ಸರ್ಕಾರ 1993–94ರಲ್ಲಿ ಒಮ್ಮೆ, 2007–08ರಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆಸಿತು; ಎರಡೂ ಸೇರಿ ಪಟ್ಟಿಗೆ ಬಂದವರು 46,660 ಮಹಿಳೆಯರು. ಮಾಸಾಶನ, ಮನೆ, ಸಾಲ, ಮಕ್ಕಳ ಮದುವೆಗೆ ನೆರವು ಎಲ್ಲವೂ ಈ ಪಟ್ಟಿಯ ಮೇಲೆ ನಿಂತವು. ಪಟ್ಟಿಯಲ್ಲಿ ಹೆಸರಿಲ್ಲದವಳು ಸರ್ಕಾರದ ಕಣ್ಣಿಗೆ ದೇವದಾಸಿಯೇ ಅಲ್ಲ. ಈಗ ಸಮೀಕ್ಷೆ ಮಾಡುವವರ ಕಷ್ಟವನ್ನು ಯೋಚಿಸಿ. ಮುತ್ತು ಕಟ್ಟುವುದು, ಅಂದರೆ ದೇವದಾಸಿಯಾಗಿ ಅರ್ಪಿಸುವುದು, ಅಪರಾಧ. ಆದ್ದರಿಂದ ಕಾಯ್ದೆ ಬಂದ ನಂತರ ಮುತ್ತು ಕಟ್ಟಿಸಿದ ಮನೆಯವರು ಬಾಯಿ ಬಿಡುವುದಿಲ್ಲ. ಅಪರಿಚಿತರೊಬ್ಬರು ಕಾಗದ ಹಿಡಿದು ಬಾಗಿಲಲ್ಲಿ ನಿಂತು, ಮಕ್ಕಳೆದುರಿಗೇ ‘ನೀವು ದೇವದಾಸಿಯೇ?’ ಎಂದು ಕೇಳಿದರೆ ಯಾವ ಹೆಂಗಸು ಹೌದೆನ್ನುತ್ತಾಳೆ? ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋದವಳು ಸಮೀಕ್ಷೆಯ ವಾರ ಊರಲ್ಲಿರುವುದಿಲ್ಲ. ಪಟ್ಟಿಯಿಂದ ಹೊರಗುಳಿದವರಿಗಾಗಿ ಮರುಸಮೀಕ್ಷೆ ಮಾಡಿ ಎಂದು ಆ ಮಹಿಳೆಯರ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸುತ್ತ ಬಂದದ್ದು ಇದಕ್ಕೇ. ಇಂಥ ಎಣಿಕೆಗೆ ಬೇಕಾಗುವುದು ವಿಶ್ವಾಸ ಗಳಿಸಿದ ಹೆಂಗಸರ ಮೂಲಕ ಒಬ್ಬರಿಂದ ಇನ್ನೊಬ್ಬರನ್ನು ತಲುಪುವ ಬಗೆ, ಪ್ರಶ್ನೆ ಕೇಳುವ ಸ್ಥಳ ಮತ್ತು ಹೊತ್ತಿನ ವಿವೇಕ, ಉತ್ತರ ಬಾರದಿದ್ದರೆ ಅದನ್ನು ‘ಇಲ್ಲ’ ಎಂದು ಬರೆಯದೆ ‘ತಿಳಿಯಲಿಲ್ಲ’ ಎಂದು ಬರೆಯುವ ಪ್ರಾಮಾಣಿಕತೆ. ಇವೆಲ್ಲ ಕಲಿಸಬಹುದಾದ ಕೌಶಲಗಳು, ಮತ್ತು ಇವನ್ನು ಕಲಿಸುವ ಹೊಣೆ ಮೊದಲು ಸಮಾಜಕಾರ್ಯ ವಿಭಾಗಗಳದ್ದು.

ಸಮಾಜಕಾರ್ಯಕ್ಕೆ ಬೇಕಾದದ್ದು ಅಂತಃಕರಣ, ಅಂಕಿಸಂಖ್ಯೆಯಲ್ಲ; ಅಳಲು ಬಂದವಳ ಮುಂದೆ ನೋಟ್‌ಬುಕ್ ತೆರೆದು ಕೂರುವವರು ನಮಗೆ ಬೇಡ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಕಟವನ್ನು ದತ್ತಾಂಶವಾಗಿ ಮಾತ್ರ ನೋಡುವ ಕಣ್ಣು ಕ್ರೂರವಾದದ್ದೇ. ಆದರೆ ಸಂಶೋಧನೆಗೂ ಸೇವೆಗೂ ವೈರ ಎಂಬುದನ್ನು ಈ ವೃತ್ತಿಯ ಚರಿತ್ರೆಯೇ ಒಪ್ಪುವುದಿಲ್ಲ. ಜೇನ್ ಆಡಮ್ಸ್ 1889ರಲ್ಲಿ ಶಿಕಾಗೊದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರ ತೆರೆದರು. ಆರು ವರ್ಷಗಳಲ್ಲಿ ಅಲ್ಲಿನ ನಿವಾಸಿಗಳೇ ಸುತ್ತಲಿನ ಮನೆಮನೆಯ ಕೂಲಿಯನ್ನು ಬಣ್ಣದ ನಕ್ಷೆಯಾಗಿ ಪ್ರಕಟಿಸಿದ್ದರು. ಇನ್ನೂ ಒಳ್ಳೆಯ ಉತ್ತರ ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಹಳ್ಳಿಯಲ್ಲಿದೆ. ಸುಮಾರು ಒಂದೂವರೆ ಸಾವಿರ ಜನರಿದ್ದ ಆ ಊರಿಗೆ ಅನ್ನ ಕೊಡುತ್ತಿದ್ದ ಜವಳಿ ಕಾರ್ಖಾನೆ ಮುಚ್ಚಿದ ಮೇಲೆ, ಮರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ತಮ್ಮ ತಂಡದೊಂದಿಗೆ ಅಲ್ಲಿಗೆ ಹೋಗಿ 1933ರಲ್ಲಿ ಅಧ್ಯಯನ ಪ್ರಕಟಿಸಿದರು. ಊರಿಗೆ ಉಪಯೋಗವಾಗದ ಯಾವ ಕೆಲಸವನ್ನೂ ಮಾಡಬಾರದು, ಬರೀ ನೋಡುವವರಾಗಿ ಯಾರೂ ಅಲ್ಲಿರಬಾರದು ಎಂಬುದು ತಂಡ ಹಾಕಿಕೊಂಡ ನಿಯಮ. ಬಟ್ಟೆ ಸಂಗ್ರಹಿಸಿ ಹಂಚಿದರು, ಹೊಲಿಗೆಯ ತರಗತಿ ನಡೆಸಿದರು, ವೈದ್ಯರನ್ನು ಕರೆತಂದರು. ಅದರ ನಡುವೆಯೇ ಗ್ರಂಥಾಲಯದ ಪುಸ್ತಕಗಳ ಎರವಲನ್ನು ಗಮನಿಸಿದರು: ಜನರ ಬಳಿ ಹೊತ್ತು ಬೇಕಾದಷ್ಟಿತ್ತು, ಎರವಲು ಶುಲ್ಕವನ್ನೂ ತೆಗೆದುಹಾಕಿದ್ದರು, ಆದರೂ ಎರಡು ವರ್ಷಗಳಲ್ಲಿ ಎರವಲು ಸುಮಾರು ಅರ್ಧಕ್ಕೆ ಇಳಿದಿತ್ತು. ಬೀದಿಯಲ್ಲಿ ಗಂಡಸರು ಎಷ್ಟು ನಿಧಾನ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಎಂದು ಗಡಿಯಾರ ಹಿಡಿದು ಅಳೆದರು. ಮನೆಗೆಲಸದ ಹೊರೆಯಿದ್ದ ಹೆಂಗಸರು ಬೇಗ ನಡೆಯುತ್ತಿದ್ದರು. ಕೆಲಸ ಕಳೆದುಕೊಂಡವನು ಕೂಲಿಯ ಜೊತೆಗೆ ಕಾಲದ ಲೆಕ್ಕವನ್ನೂ ಕಳೆದುಕೊಳ್ಳುತ್ತಾನೆ ಎಂಬ ತಿಳಿವಳಿಕೆ ಜಗತ್ತಿಗೆ ಬಂದದ್ದು ಹೀಗೆ. ಬರೀ ಅಂತಃಕರಣದಿಂದ ಅದು ಸಿಗುತ್ತಿರಲಿಲ್ಲ, ಬರೀ ಗಡಿಯಾರದಿಂದಲೂ ಸಿಗುತ್ತಿರಲಿಲ್ಲ.

ಅಧ್ಯಾಪಕರ ಆಕ್ಷೇಪ ವ್ಯಾವಹಾರಿಕವಾದದ್ದು, ಅದರಲ್ಲಿ ಹುರುಳಿದೆ. ವಿಭಾಗಗಳಲ್ಲಿ ಕಾಯಂ ಹುದ್ದೆಗಳು ಖಾಲಿ, ಅತಿಥಿ ಉಪನ್ಯಾಸಕರ ಮೇಲೆ ಭಾರ, ಒಬ್ಬೊಬ್ಬರ ಕೈಯಲ್ಲಿ ಹತ್ತಾರು ಡಿಸರ್ಟೇಶನ್‌ಗಳು. ಇದರ ಮೇಲೆ ಇನ್ನಷ್ಟು ಸಂಶೋಧನೆ ಹೇರಿದರೆ ಕೃತಿಚೌರ್ಯ ಮಾತ್ರ ಬೆಳೆಯುತ್ತದೆ, ಈಗಂತೂ ಕಂಪ್ಯೂಟರೇ ಪ್ರಬಂಧ ಬರೆದುಕೊಡುತ್ತದೆ ಎನ್ನುತ್ತಾರೆ. ಹುದ್ದೆ ತುಂಬಲೇಬೇಕು, ಅದಕ್ಕೆ ಪರ್ಯಾಯ ಹುಡುಕುವ ಮಾತೇ ಬೇಡ. ಆದರೆ ನಾನು ಕೇಳುತ್ತಿರುವುದು ಹೆಚ್ಚಿನ ಸಂಶೋಧನೆಯನ್ನಲ್ಲ. ಒಂದು ತರಗತಿಯ ನಲವತ್ತು ವಿದ್ಯಾರ್ಥಿಗಳು ನಲವತ್ತು ಬಿಡಿ ಪ್ರಬಂಧ ಬರೆಯುವ ಬದಲು, ಒಂದೇ ಕ್ಷೇತ್ರದಲ್ಲಿ ಕೆಲಸ ಮಾಡುವ ಐದಾರು ಮಂದಿ ಸೇರಿ ಒಂದು ಪ್ರಶ್ನೆಯ ಬೆನ್ನು ಹತ್ತಲಿ. ಬಾಲಮಂದಿರದಿಂದ ಮನೆಗೆ ಮರಳಿದ ಮಕ್ಕಳು ಆರು ತಿಂಗಳ ಬಳಿಕ ಶಾಲೆಯಲ್ಲಿದ್ದಾರೆಯೇ ಎಂಬ ಒಂದೇ ಪ್ರಶ್ನೆಗೆ ಒಂದು ಜಿಲ್ಲೆಯಲ್ಲಿ ವಿಶ್ವಾಸಾರ್ಹ ಉತ್ತರ ಸಿಕ್ಕರೆ, ಸಂಬಂಧಪಟ್ಟ ಇಲಾಖೆಗೂ ಅದು ಬೇಕಾದ ಉತ್ತರ. ಮುಂದಿನ ವರ್ಷದ ತಂಡ ಅಲ್ಲಿಂದ ಮುಂದುವರಿಸಲಿ. ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆಯುವ ಅಧ್ಯಯನದಲ್ಲಿ, ಕ್ಷೇತ್ರದ ಟಿಪ್ಪಣಿಗಳನ್ನು ವಾರವಾರ ಒಪ್ಪಿಸಬೇಕಾದಲ್ಲಿ, ಕೃತಿಚೌರ್ಯಕ್ಕೂ ಕಂಪ್ಯೂಟರಿನ ಕೃಪೆಗೂ ಎಡೆ ಕಡಿಮೆ. ಸಿದ್ಧ ಶೀರ್ಷಿಕೆಯ ಪ್ರಬಂಧವನ್ನು ಯಂತ್ರ ಬರೆದುಕೊಡುತ್ತದೆ ನಿಜ. ಇಂಥ ಬೀದಿಯ ಇಂಥ ಮನೆಯಲ್ಲಿ ಹೋದ ವಾರ ಏನು ಬದಲಾಯಿತು ಎಂದು ಅದು ಹೇಳಲಾರದು. ಸರಳ ಸಾಧನಗಳಿಂದ ದೊಡ್ಡ ಕೆಲಸವಾಗದು ಎನ್ನುವವರು 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯನ್ನು ನೋಡಬೇಕು. ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ ಇಷ್ಟಿರುವ ಹಾಳೆ ಹಿಡಿದು ತರಬೇತಾದ ಸ್ವಯಂಸೇವಕರು ಹಳ್ಳಿಮನೆಗಳಿಗೆ ಹೋಗಿ ಮಗುವಿನಿಂದ ಓದಿಸುತ್ತಾರೆ. ಶಾಲೆಗೆ ಹೋಗುವುದೂ ಓದು ಬರುವುದೂ ಒಂದೇ ಅಲ್ಲ ಎಂಬುದನ್ನು ಇಡೀ ದೇಶಕ್ಕೆ ತೋರಿಸಿದ್ದು ಆ ಹಾಳೆ.

ವಿದ್ಯಾರ್ಥಿಗಳ ಬಗ್ಗೆ ಕೇಳಿಬರುವ ಮಾತೊಂದು ನನ್ನನ್ನು ಹೆಚ್ಚು ಕಾಡುತ್ತದೆ: ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ಮೊದಲ ಪದವೀಧರರಾದ ಮಕ್ಕಳಿಗೆ ಸಂಶೋಧನೆ ಎಟುಕದು, ಅವರಿಗೆ ಪ್ರಾಯೋಗಿಕ ಕೆಲಸ ಕಲಿಸಿದರೆ ಸಾಕು. ಎಟುಕದೆ ಹೋಗಿರುವುದು ಅವರ ಮುಂದಿಟ್ಟ ಇಂಗ್ಲಿಷ್ ಕೈಪಿಡಿ ಮತ್ತು ಅದರಿಂದ ಎತ್ತಿದ ಗೈಡು. ಗುಳೆ ಎಂದರೇನು, ಜಾತ್ರೆಯ ಸಾಲ ಹೇಗೆ ಬೆಳೆಯುತ್ತದೆ, ಯಾವ ಮನೆಯಲ್ಲಿ ಯಾರೆದುರು ಯಾವ ಮಾತು ಆಡುವುದಿಲ್ಲ ಎಂಬುದು ಅವರಿಗೆ ಯಾವ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಗೊತ್ತು. ತಮಗೆ ಗೊತ್ತು ಎಂಬುದನ್ನೇ ಪರೀಕ್ಷಿಸಿಕೊಳ್ಳುವ ಬಗೆಯನ್ನು ಅವರ ಭಾಷೆಯಲ್ಲೇ ಹೇಳಿಕೊಡುವ ಪುಸ್ತಕಗಳು ಬೇಕು. ಕನ್ನಡಕ್ಕೆ ಇದು ಹೊಸ ನೆಲವಲ್ಲ. ಜೀ.ಶಂ. ಪರಮಶಿವಯ್ಯ ಮತ್ತು ಅವರ ನಂತರದ ಜಾನಪದ ವಿದ್ವಾಂಸರು ಊರೂರು ಅಲೆದು, ಹಾಡಿದವರು ಯಾರು, ಯಾರ ಮುಂದೆ ಹಾಡಿದರು, ಎಲ್ಲಿ ಕಲಿತರು ಎಂದೆಲ್ಲ ಬರೆದಿಡುವ ಕ್ಷೇತ್ರಕಾರ್ಯದ ಶಿಸ್ತನ್ನು ಕನ್ನಡದಲ್ಲೇ ಕಟ್ಟಿದ್ದಾರೆ. ವಕ್ತೃವನ್ನು ಗೌರವಿಸುವುದು, ಅವರ ಮಾತನ್ನು ಅವರ ಆಡುನುಡಿಯಲ್ಲೇ ದಾಖಲಿಸುವುದು, ಸಂದರ್ಭ ಬಿಟ್ಟು ಹಾಡನ್ನು ಎತ್ತದಿರುವುದು ನಮ್ಮ ಜಾನಪದ ವಿಭಾಗಗಳಲ್ಲಿ ಪಾಠವಾಗಿರುವ ಸಂಗತಿಗಳು. ಒಂದೇ ಆವರಣದಲ್ಲಿರುವ ಸಮಾಜಕಾರ್ಯ ವಿಭಾಗಕ್ಕೆ ಆ ಪಾಠ ಇನ್ನೂ ಬಾಗಿಲು ದಾಟಿ ಬಂದಿಲ್ಲ.

ಸಂಖ್ಯಾಶಾಸ್ತ್ರ ಬೇಡವೇ ಎಂದು ಯಾರಾದರೂ ಕೇಳಿಯಾರು. ಖಂಡಿತ ಬೇಕು, ಆದರೆ ಅದು ಬೇರೆಯದೇ ಬಗೆಯದು. ಅರವತ್ತು ಜನರ ಮೇಲೆ ಅರ್ಥವಿಲ್ಲದ ಪರೀಕ್ಷೆ ಮಾಡಿಸುವ ಬದಲು, ಜನಗಣತಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ ವರದಿ ಇವನ್ನು ಓದಲು ಕಲಿಸಲಿ. 2002ರಲ್ಲಿ ಆ ಸಮಿತಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ತನ್ನ ತಾಲ್ಲೂಕು ಆ ಪಟ್ಟಿಯಲ್ಲಿ ಎಲ್ಲಿದೆ, ಯಾವ ಸೂಚಕಗಳ ಮೇಲೆ ಹಾಗಾಯಿತು, ಆ ಸೂಚಕಗಳಲ್ಲಿ ಏನನ್ನು ಅಳೆದಿಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಎರಡು ಪುಟ ಬರೆಯಬಲ್ಲಳಾದರೆ, ಹತ್ತು ಸೂತ್ರ ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚು ಕಲಿತಿರುತ್ತಾಳೆ.

ಉಳಿದಿರುವುದು, ಸಂಶೋಧನೆಯೇ ಜನರ ಮೇಲೆ ಹೊರೆಯಾಗುತ್ತದೆ ಎಂಬ ಆಕ್ಷೇಪ. ಒಂದೇ ಕೊಳೆಗೇರಿಗೆ ವರ್ಷವರ್ಷ ಹೊಸ ಬ್ಯಾಚು ಬಂದು ಅವೇ ಪ್ರಶ್ನೆ ಕೇಳಿ ಹೋಗುತ್ತದೆ. ದೌರ್ಜನ್ಯಕ್ಕೆ ಒಳಗಾದವರ ಬಳಿ ಸಿದ್ಧತೆಯಿಲ್ಲದ ವಿದ್ಯಾರ್ಥಿ ಹಳೆಯ ಗಾಯ ಕೆದಕುತ್ತಾನೆ. ಹೇಳಿದವರಿಗೆ ಏನೂ ವಾಪಸ್ ಸಿಗುವುದಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಈ ಆಕ್ಷೇಪವೇ ಬದಲಾವಣೆಗೆ ಎಲ್ಲಕ್ಕಿಂತ ಬಲವಾದ ಕಾರಣ. ಯಾವ ಪ್ರಶ್ನೆ ಕೇಳಲು ತನಗೆ ಹಕ್ಕಿಲ್ಲ ಎಂದು ತಿಳಿಯುವುದು, ‘ಬೇಡ’ ಎನ್ನಲು ಎದುರಿನವರಿಗೆ ನಿಜವಾದ ಅವಕಾಶ ಕೊಡುವುದು, ಸಂಸ್ಥೆಯ ದಾಖಲೆಯಲ್ಲಿ ಈಗಾಗಲೇ ಇರುವುದನ್ನು ಮತ್ತೆ ಜನರಿಂದ ಹೇಳಿಸದಿರುವುದು ಸಂಶೋಧನಾ ತರಬೇತಿಯ ಮೊದಲ ಅಧ್ಯಾಯವಾಗಬೇಕು. ಇನ್ನು ವಾಪಸ್ ಕೊಡುವ ಮಾತು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಅಹವಾಲು ಸಭೆ, ನಡೆಸಿ, ಕಾಮಗಾರಿಯ ದಾಖಲೆಗಳನ್ನು ಜನರೆದುರು ಗಟ್ಟಿಯಾಗಿ ಓದಿತು. ಕಾಗದದಲ್ಲಿದ್ದದ್ದಕ್ಕೂ ಕಣ್ಣೆದುರು ಇದ್ದದ್ದಕ್ಕೂ ತಾಳೆ ನೋಡಿದವರು ಊರಿನವರೇ. ಮಾಹಿತಿ ಹಕ್ಕಿನ ಹೋರಾಟ ಅಲ್ಲಿಂದ ಬೆಳೆಯಿತು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮಸಭೆಯ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಕಾನೂನೇ ಆಗಿಸಿತು. ಎಂಎಸ್‌ಡಬ್ಲ್ಯೂ ಪ್ರಬಂಧಗಳಿಗೂ ಇದೇ ಪದ್ಧತಿ ಬರಲಿ. ವೈವಾಕ್ಕೆ ಮೊದಲು ವಿದ್ಯಾರ್ಥಿಗಳು ತಾವು ಕಂಡುಕೊಂಡದ್ದನ್ನು, ಯಾರ ಗುಟ್ಟೂ ಹೊರಬೀಳದಂತೆ, ಅದೇ ಕೇರಿಯ ಅಂಗನವಾಡಿಯಲ್ಲೋ ಸಂಘದ ಸಭೆಯಲ್ಲೋ ಕನ್ನಡದಲ್ಲಿ ಹೇಳಬೇಕು. ‘ಇದು ಹಾಗಲ್ಲ, ನೀವು ಬಂದದ್ದು ಸುಗ್ಗಿಯಲ್ಲಿ, ಅದಕ್ಕೇ ಹಾಗೆ ಕಂಡಿತು’ ಎಂದು ಯಾರಾದರೂ ತಿದ್ದಿದರೆ, ಆ ತಿದ್ದುಪಡಿ ಹೇಳಿದವರ ಮಾತಿನಲ್ಲೇ ಪ್ರಬಂಧದೊಳಗೆ ಸೇರಬೇಕು. ಪರೀಕ್ಷಕರು ಮೊದಲು ತೆರೆಯುವ ಪುಟ ಅದಾಗಬೇಕು, ಅಂಕವೂ ಅದಕ್ಕಿರಬೇಕು.